ಬೇಸ್ ಗಿಟಾರಿನ ತಂತಿಗಳನ್ನು ಆರಿಸುವ ಬಗೆ

ನಮ್ಮ ಶಾಲೆಯ ಗಾಯನವೃಂದದಲ್ಲಿ ಹಾರ್ಮೋನಿಯಂ, ಪಿಟೀಲುಗಳ ಜೊತೆಗೆ ಈಗ ವಿದ್ಯುತ್ತಿನ ಬೇಸ್ ಗಿಟಾರಿಗೂ ಸ್ಥಳ ದೊರೆತಿರುವ ಸಂಗತಿಯು ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ತಿಳಿದೇ ಇದೆ. ವಾದ್ಯವನ್ನು ಕೊಂಡುಕೊಟ್ಟ ತಂದೆತಾಯಿಗಳು ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆಯೊಂದುಂಟು: ತಂತಿ ಹಳತಾದರೆ ಯಾವುದನ್ನು ತರಿಸಬೇಕು? ಪ್ರಶ್ನೆಯು ಅಲ್ಪವಾಗಿ ತೋರಬಹುದು. ಆದರೆ ಹೊಂದದ ತಂತಿಯಿಂದ ಬೆರಳು ನೊಂದ ಹುಡುಗಿಯು ಕೆಲವೇ ವಾರಗಳಲ್ಲಿ ವಾದ್ಯವನ್ನು ಮೂಲೆಗಿಡುತ್ತಾಳೆ. ಮನೆಯವರು ಇದು ಹೆಣ್ಣುಮಕ್ಕಳ ಕೈಗೆ ಆಗತಕ್ಕದ್ದಲ್ಲವೆಂದು ತೀರ್ಮಾನಿಸಿಬಿಡುತ್ತಾರೆ. ಬಿಳಿಚೋಡಿನಂಥ ಊರಿನಲ್ಲಿ ಅಂಗಡಿಗೆ ಹೋಗಿ ಮುಟ್ಟಿ ನೋಡಿ ಕೊಳ್ಳುವ ಅನುಕೂಲವೂ ಇಲ್ಲ. ದಾವಣಗೆರೆಗೋ ಬೆಂಗಳೂರಿಗೋ ಹೇಳಿಕಳುಹಿಸಬೇಕು, ಇಲ್ಲವೆ ಅಂಚೆಯಲ್ಲಿ ತರಿಸಬೇಕು. ಆದಕಾರಣ ಮುಂಚಿತವಾಗಿ ತಿಳಿದುಕೊಂಡಿರುವುದು ಲೇಸು.

ತಂತಿಯ ಸ್ವರವು ಮೂರು ಕಾರಣಗಳಿಂದ ನಿರ್ಣಯವಾಗುತ್ತದೆ: ಉದ್ದ, ಬಿಗಿ ಮತ್ತು ಭಾರ. ಈ ನಿಯಮವನ್ನು ಫ್ರಾನ್ಸ್ ದೇಶದ ಮೆರ್ಸೆನ್ ಎಂಬ ವಿದ್ವಾಂಸರು 1636ರಲ್ಲಿ ಪ್ರಕಟಿಸಿದರು. ಉದ್ದವಾದ, ಸಡಿಲವಾದ, ಭಾರವಾದ ತಂತಿ ತಗ್ಗಿನ ಸ್ವರವನ್ನು ಕೊಡುತ್ತದೆ. ನಮ್ಮ ವೀಣೆಯಲ್ಲಿ ಸಾರಣಿಯ ತಂತಿ ತೆಳುವಾಗಿಯೂ ಅನುಮಂದ್ರದ ತಂತಿ ದಪ್ಪವಾಗಿಯೂ ಇರುವುದಕ್ಕೆ ಇದೇ ಕಾರಣ. ಬೇಸ್ ಗಿಟಾರಿನ ನಾಲ್ಕು ತಂತಿಗಳು ಸಾಮಾನ್ಯ ಗಿಟಾರಿನ ಕೆಳಗಿನ ನಾಲ್ಕು ತಂತಿಗಳಿಗಿಂತ ಒಂದು ಸ್ಥಾಯಿ ತಗ್ಗಿನಲ್ಲಿ ನುಡಿಯುತ್ತವೆ. ಅತಿ ದಪ್ಪವಾದುದು ಒಂದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅತಿ ತೆಳುವಾದುದು 98 ಸಲ.

ಮೊದಲು ಅಳೆಯಬೇಕಾದುದು ವಾದ್ಯದ ಉದ್ದವನ್ನು. 1951ರಲ್ಲಿ ಅಮೆರಿಕೆಯ ಲಿಯೋ ಫೆಂಡರ್ ಹೊರತಂದ ಪ್ರಿಸಿಷನ್ ಬೇಸಿನಲ್ಲಿ ನುಡಿಯುವ ತಂತಿಯ ಉದ್ದವು 34 ಅಂಗುಲ. ಇಂದಿಗೂ ಬಹುಪಾಲು ವಾದ್ಯಗಳ ಅಳತೆ ಇದೇ. ಸಣ್ಣ ಕೈಯವರಿಗೆಂದು 30 ಅಂಗುಲದವೂ ದೊರೆಯುತ್ತವೆ. ಹೆಂಗಸರ ತಂಬೂರಿಯು ಗಂಡಸರ ತಂಬೂರಿಗಿಂತ ಗಿಡ್ಡವಾಗಿರುವುದನ್ನು ಕಂಡವರಿಗೆ ಇದು ಹೊಸದಾಗಿ ತೋರದು. ಚಿಕ್ಕ ವಾದ್ಯಕ್ಕೆ ಅದರ ಉದ್ದಕ್ಕೇ ಮಾಡಿದ ತಂತಿಯನ್ನು ತರಿಸತಕ್ಕದ್ದು. ದೊಡ್ಡದನ್ನು ತಂದು ದಪ್ಪ ಸುತ್ತಿನ ಭಾಗವನ್ನೇ ಕತ್ತರಿಸಿದರೆ ಸುತ್ತು ಬಿಚ್ಚಿಕೊಂಡು ತಂತಿಯೇ ಕೆಡಬಹುದು.

ಎರಡನೆಯದು ದಪ್ಪ. ಪೊಟ್ಟಣದ ಮೇಲೆ 45, 65, 85, 105 ಎಂಬಂಥ ಅಂಕೆಗಳಿರುತ್ತವೆ. ಅಂಗುಲವನ್ನು 1000 ಭಾಗ ಮಾಡಿದರೆ ಅಷ್ಟು ಭಾಗದ ದಪ್ಪವೆಂದು ಅರ್ಥ. ಇದು ಸಾಧಾರಣ ಪ್ರಮಾಣ. 40ರಿಂದ 95ರವರೆಗಿನದು ಹಗುರವಾದುದು. ಸ್ವರ ಒಂದೇ ಆಗಿರುವಾಗ ಬಿಗಿಯು ದಪ್ಪದ ವರ್ಗದಂತೆ ಏರುತ್ತದೆ. 105ರ ತಂತಿಗೆ ಬದಲಾಗಿ 100ರದನ್ನು ಹಾಕಿದರೆ ಬಿಗಿಯು ನೂರಕ್ಕೆ ಸುಮಾರು 9ರಷ್ಟು ಇಳಿಯುತ್ತದೆ. ಆದ್ದರಿಂದ 34 ಅಂಗುಲದ ವಾದ್ಯವನ್ನು ಕಲಿಯತೊಡಗಿದ ಹುಡುಗಿಗೆ ಹಗುರವಾದ ತಂತಿಯೇ ಹಿತ.

ಆದರೆ ತೆಳುವಾದುದೇ ಯಾವಾಗಲೂ ಮೇಲೆಂದು ತಿಳಿಯಬಾರದು. ಅದೇ ದಪ್ಪದ ತಂತಿಯನ್ನು 30 ಅಂಗುಲದ ವಾದ್ಯಕ್ಕೆ ಕಟ್ಟಿ ಅದೇ ಸ್ವರಕ್ಕೆ ತಂದರೆ ಬಿಗಿಯು ನೂರಕ್ಕೆ ಸುಮಾರು 22ರಷ್ಟು ಕಡಿಮೆ. ಅಲ್ಲಿಗೂ ಹಗುರವಾದುದನ್ನೇ ಹಾಕಿದರೆ ತಂತಿಯು ಜೋಲಾಡಿ ಮೆಟ್ಟಿಲುಗಳಿಗೆ ತಗುಲಿ ಝರಝರ ಸದ್ದಾಗುತ್ತದೆ. ಚಿಕ್ಕ ವಾದ್ಯಕ್ಕೆ ಸಾಧಾರಣ ದಪ್ಪದ್ದೇ ತಕ್ಕದ್ದು. ಚಿಕ್ಕ ಕೈಗೆ ಚಿಕ್ಕ ವಾದ್ಯ, ಚಿಕ್ಕ ವಾದ್ಯಕ್ಕೆ ತೆಳು ತಂತಿ ಎಂದು ಕೊಳ್ಳುವವರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇವೆ.

ಮೂರನೆಯದು ಲೋಹ. ವಾದ್ಯದ ಮೈಮೇಲೆ ಅಯಸ್ಕಾಂತವೂ ಅದರ ಸುತ್ತ ತಾಮ್ರದ ತಂತಿಯ ಸುರುಳಿಯೂ ಇವೆ. ಉಕ್ಕಿನ ತಂತಿ ಅದರ ಮುಂದೆ ಕಂಪಿಸಿದಾಗ ಸುರುಳಿಯಲ್ಲಿ ವಿದ್ಯುತ್ತು ಹುಟ್ಟಿ ಸ್ವರವಾಗಿ ಹೊರಬರುತ್ತದೆ. ಇದು 1831ರಲ್ಲಿ ಫ್ಯಾರಡೆ ಕಂಡುಹಿಡಿದ ತತ್ವ. ಆದ್ದರಿಂದ ಬರಿಯ ನೈಲಾನಿನ ತಂತಿ ಇಂಥ ವಾದ್ಯದಲ್ಲಿ ನುಡಿಯದು. ಒಳಗೆ ಉಕ್ಕಿದ್ದು ಹೊರಗೆ ನೈಲಾನು ಸುತ್ತಿದ್ದಾದರೆ ನುಡಿಯುತ್ತದೆ. ನಿಕ್ಕಲು ಲೇಪದ ಉಕ್ಕು ಮಧ್ಯಮ ಸ್ವಭಾವದ್ದು. ತುಕ್ಕುಹಿಡಿಯದ ಉಕ್ಕಿನ ನಾದ ಹರಿತವಾದುದು. ಕಡಮೆ ಬೆಲೆಯ ಓಲೆಯಿಂದ ಕಿವಿ ತುರಿಸುವ ಹುಡುಗಿಯರಿಗೆ ನಿಕ್ಕಲು ಆಗದಿರುವುದುಂಟು. ಅಂಥವರು ಎರಡನೆಯದನ್ನೋ ನೈಲಾನು ಸುತ್ತಿದ್ದನ್ನೋ ಆರಿಸಬಹುದು.

ನಾಲ್ಕನೆಯದು ಸುತ್ತು. ಒಳಗಿನ ಉಕ್ಕಿನ ಎಳೆಗೆ ದುಂಡು ತಂತಿಯನ್ನು ಸುತ್ತಿದರೆ ರೌಂಡ್‌ವೌಂಡ್. ಚಪ್ಪಟೆ ಪಟ್ಟಿಯನ್ನು ಸುತ್ತಿದರೆ ಫ್ಲಾಟ್‌ವೌಂಡ್. ಮೊದಲನೆಯದರ ನಾದವು ಸ್ಪಷ್ಟ, ಆದರೆ ಮೇಲ್ಮೈ ಗರಗಸದಂತೆ ಒರಟು. ಬೆರಳು ಜಾರಿಸಿದಾಗ ಕಿರುಗುಟ್ಟುತ್ತದೆ. ಎರಡನೆಯದು ನುಣುಪು, ನಾದ ದುಂಡಗೆ ಮತ್ತು ಮೃದು. ಬೆಲೆ ಹೆಚ್ಚಾದರೂ ಬಹುಕಾಲ ಬಾಳುತ್ತದೆ. ಅನೇಕರು ಕೂಡಿ ಹಾಡುವಾಗ ಕಂಠಗಳಿಗೆ ಕೆಳಗಿನಿಂದ ಆಸರೆ ಕೊಡಲು ಇದೇ ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಜೇಮ್ಸ್ ಜೇಮರ್ಸನ್ ಎಂಬ ಪ್ರಸಿದ್ಧ ವಾದಕರು ಇಂಥ ತಂತಿಯನ್ನು ಕಡಿದುಹೋಗುವವರೆಗೂ ಬದಲಿಸುತ್ತಿರಲಿಲ್ಲವಂತೆ. 1963ರಲ್ಲಿ ಈ ವಾದ್ಯವನ್ನು ಕೈಗೆತ್ತಿಕೊಂಡು ಅಮೆರಿಕೆಯಲ್ಲಿ ಅಸಂಖ್ಯ ಧ್ವನಿಮುದ್ರಣಗಳಿಗೆ ನುಡಿಸಿದ ಕ್ಯಾರಲ್ ಕೇ ಎಂಬ ಮಹಿಳೆಯೂ ಫ್ಲಾಟ್‌ವೌಂಡನ್ನೇ ಬಳಸಿದರು. ನಮ್ಮ ದೇಶದಲ್ಲಿ 1996ರಲ್ಲಿ ಜನಿಸಿದ ಮುಂಬಯಿಯ ಮೋಹಿನಿ ಡೇ ತಂದೆಯಿಂದಲೇ ಈ ವಿದ್ಯೆಯನ್ನು ಕಲಿತು ಹೆಸರಾಗಿದ್ದಾರೆ. ಹೆಣ್ಣುಮಕ್ಕಳ ಕೈಗೆ ಆಗದೆಂಬ ಮಾತಿಗೆ ಇವರಿಬ್ಬರೇ ಸಾಕಷ್ಟು ಉತ್ತರ.

ಇನ್ನು ಜೋಡಿಸುವ ವಿಷಯ. ನಾಲ್ಕು ತಂತಿಗಳೂ ಸೇರಿ ವಾದ್ಯದ ಕತ್ತನ್ನು 150 ಪೌಂಡಿಗೂ ಮೀರಿದ ಬಲದಿಂದ ಎಳೆಯುತ್ತವೆ. ಕತ್ತಿನೊಳಗಿನ ಉಕ್ಕಿನ ಸಲಾಕೆ ಆ ಎಳೆತಕ್ಕೆ ಎದುರು ನಿಲ್ಲುತ್ತದೆ. ಆದುದರಿಂದ ತಂತಿಯ ದಪ್ಪವನ್ನು ಬದಲಿಸಿದಾಗ ಸಲಾಕೆಯನ್ನೂ ತಂತಿಯ ಎತ್ತರವನ್ನೂ ಬಲ್ಲವರಿಂದ ಸರಿಪಡಿಸಿಕೊಳ್ಳತಕ್ಕದ್ದು. ಬೆರಳು ನೋಯುವುದಕ್ಕೆ ಎಷ್ಟೋ ಸಲ ತಂತಿಯ ದಪ್ಪಕ್ಕಿಂತ ಅದು ಮೆಟ್ಟಿಲಿನಿಂದ ಬಹಳ ಎತ್ತರದಲ್ಲಿರುವುದೇ ಕಾರಣ. ಹೊಸ ತಂತಿಗೆ ಹಣ ಹಾಕುವ ಮುನ್ನ ಇದನ್ನು ಪರೀಕ್ಷಿಸಿದರೆ ಖರ್ಚೇ ತಪ್ಪಬಹುದು.

ನಮ್ಮ ಜಗಳೂರು ಸೀಮೆಯ ಧೂಳು ಮತ್ತು ಬೇಸಗೆಯ ಬೆವರು ತಂತಿಯ ಸುತ್ತುಗಳೊಳಗೆ ಸೇರಿ ನಾದವನ್ನು ಮಂಕುಮಾಡುತ್ತವೆ. ನುಡಿಸುವ ಮೊದಲು ಕೈ ತೊಳೆದು, ನುಡಿಸಿದ ಮೇಲೆ ಒಣ ಹತ್ತಿಬಟ್ಟೆಯಿಂದ ಪ್ರತಿ ತಂತಿಯನ್ನೂ ಒರಸಿಡುವ ಅಭ್ಯಾಸವನ್ನು ಮಕ್ಕಳಲ್ಲಿ ಬೆಳೆಸಬೇಕು.

ಮೈಸೂರಿನ ಟಿ. ಚೌಡಯ್ಯನವರು (1895-1967) ಧ್ವನಿವರ್ಧಕ ಬಳಕೆಗೆ ಬಾರದಿದ್ದ ಕಾಲದಲ್ಲಿ ದೊಡ್ಡ ಸಭೆಗೆ ಕೇಳಿಸಲೆಂದು ಪಿಟೀಲಿಗೆ ನಾಲ್ಕರ ಬದಲು ಏಳು ತಂತಿಗಳನ್ನು ಕಟ್ಟಿದರು. ತನಗೆ ಬೇಕಾದುದೇನೆಂದು ಮೊದಲು ನಿಶ್ಚಯಿಸಿ ಅನಂತರ ತಂತಿಯನ್ನು ಹುಡುಕುವುದೇ ಕ್ರಮವೆಂಬುದಕ್ಕೆ ಇದು ನಿದರ್ಶನ. ಪೋಷಕರು ವಾದ್ಯದ ಉದ್ದ, ಹಳೆಯ ಪೊಟ್ಟಣದ ಅಂಕೆಗಳು, ಬೇಕಾದ ಸುತ್ತು, ಈ ಮೂರನ್ನು ಚೀಟಿಯಲ್ಲಿ ಬರೆದು ಕಳುಹಿಸಿದರೆ ಅಂಗಡಿಯವರಿಗೂ ಸುಲಭ. ಪಟ್ಟಣದಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿನಿಯರು ಊರಿಗೆ ಬರುವಾಗ ಇಂಥದೊಂದು ಪೊಟ್ಟಣವನ್ನು ಶಾಲೆಗೆಂದು ತಂದುಕೊಟ್ಟರೆ, ಕೊಳ್ಳಲಾರದ ಮನೆಯ ಹುಡುಗಿಯೊಬ್ಬಳ ಅಭ್ಯಾಸವು ಅರ್ಧಕ್ಕೆ ನಿಲ್ಲದೆ ಮುಂದುವರಿಯುವುದು.