ನೋವಿಲ್ಲದ ಸೂಜಿಗೆ ಎಂಟು ಸಾವಿರ

ನನ್ನ ತಂಗಿಯ ಮಗಳ ಕೂಸಿಗೆ ಹತ್ತನೇ ವಾರದಲ್ಲಿ ಬೀಳಬೇಕಿದ್ದ ಲಸಿಕೆ ಹದಿಮೂರನೇ ವಾರವಾದರೂ ಬಿದ್ದಿರಲಿಲ್ಲ. ಯಾಕೆಂದು ಕೇಳಿದರೆ, "ಈ ತಿಂಗಳು ದುಡ್ಡು ಹೊಂದಿಸೋಕೆ ಆಗ್ಲಿಲ್ಲ ದೊಡ್ಡಮ್ಮ" ಎಂದಳು. ಆರನೇ ವಾರದಲ್ಲಿ ಖಾಸಗಿ ಕ್ಲಿನಿಕ್ಕಿನ ಒಂದೇ ಭೇಟಿಗೆ ಎಂಟು ಸಾವಿರದ ಹತ್ತಿರ ಖರ್ಚಾಗಿತ್ತಂತೆ. ಗಂಡ ಪೀಣ್ಯದ ಕಾರ್ಖಾನೆಯಲ್ಲಿ ದುಡಿಯುವವನು. ಅವನ ಸಂಬಳದಲ್ಲಿ ಅದು ಮೂರರಲ್ಲೊಂದು ಪಾಲು. ಮನೆಯಿಂದ ಕೂಗಳತೆಯಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರವಿದೆ. ಅಲ್ಲಿ ಗುರುವಾರ ಗುರುವಾರ ಚುಚ್ಚುಮದ್ದು ಹಾಕುತ್ತಾರೆ. ಆಶಾ ಕಾರ್ಯಕರ್ತೆ ಎರಡು ಸಲ ಬಾಗಿಲಿಗೆ ಬಂದು ಕರೆದಿದ್ದಾಳೆ. ಮತ್ತೆ ಹೋಗಲಿಲ್ಲವೇಕೆ? "ಅದು ಸರ್ಕಾರದ್ದು, ಜ್ವರ ಬರತ್ತೆ. ಇದು ಪೇನ್‌ಲೆಸ್ಸು. ಮಗೂಗೆ ಹಾಕಿಸೋದ್ರಲ್ಲೂ ಲೆಕ್ಕ ನೋಡೋಕಾಗತ್ತಾ?"

ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಬಿಟ್ಟಿ ಸಿಗುವ ಲಸಿಕೆ ಕಳಪೆ, ದುಬಾರಿಯದು ಶ್ರೇಷ್ಠ ಎಂಬ ನಂಬಿಕೆ ಎಳೆ ಮಕ್ಕಳಿರುವ ಮನೆಗಳಲ್ಲಿ ಬೇರು ಬಿಟ್ಟಿದೆ. ಅದು ಕಿಸೆಯನ್ನು ಖಾಲಿ ಮಾಡುವುದಷ್ಟೇ ಅಲ್ಲ, ಮಗುವನ್ನು ಅಪಾಯಕ್ಕೂ ಒಡ್ಡುತ್ತದೆ.

ಮೊದಲು ಆ ಹೆಸರನ್ನೇ ನೋಡೋಣ. 'ಪೇನ್‌ಲೆಸ್' ಎಂದರೂ ಸೂಜಿ ಚುಚ್ಚುವುದು ಚುಚ್ಚಿಯೇ ಚುಚ್ಚುತ್ತದೆ, ಮಗು ಅಳುವುದು ಅಳುತ್ತದೆ. ವ್ಯತ್ಯಾಸವಿರುವುದು ಔಷಧದೊಳಗಿನ ನಾಯಿಕೆಮ್ಮಿನ ಭಾಗದಲ್ಲಿ. ಸರ್ಕಾರಿ ಆಸ್ಪತ್ರೆಯ ಪೆಂಟಾವೇಲೆಂಟ್ ಲಸಿಕೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್-ಬಿ ಮತ್ತು ಹಿಬ್ ಎಂಬ ಬ್ಯಾಕ್ಟೀರಿಯಾದ ಸೋಂಕು ಹೀಗೆ ಐದನ್ನು ತಡೆಯುತ್ತದೆ. ಅದರಲ್ಲಿ ನಾಯಿಕೆಮ್ಮಿನ ರೋಗಾಣುವನ್ನು ಕೊಂದು ಇಡಿಯಾಗಿ ಬಳಸುತ್ತಾರೆ. 'ನೋವಿಲ್ಲದ' ಲಸಿಕೆಯಲ್ಲಿರುವುದು ಆ ರೋಗಾಣುವಿನಿಂದ ಶುದ್ಧೀಕರಿಸಿ ತೆಗೆದ ಎರಡರಿಂದ ಐದು ಪ್ರೋಟೀನುಗಳು ಮಾತ್ರ. ಇಡೀ ರೋಗಾಣುವನ್ನು ಎದುರಿಸುವಾಗ ದೇಹ ಜೋರಾಗಿ ಪ್ರತಿಕ್ರಿಯಿಸುತ್ತದೆ. ಹಾಗಾಗಿ ಜ್ವರ, ತೊಡೆಯ ಮೇಲೆ ಗಂಟು, ಒಂದೆರಡು ದಿನದ ಕಿರಿಕಿರಿ. ಅದು ಔಷಧ ಕೆಟ್ಟಿದ್ದರ ಗುರುತಲ್ಲ. ಮಗುವಿನ ತೂಕ ನೋಡಿ ಎಷ್ಟು ಪ್ಯಾರಸಿಟಮಾಲ್ ಕೊಡಬೇಕೆಂದು ಸಿಸ್ಟರ್ ಹೇಳಿಯೇ ಕಳಿಸುತ್ತಾರೆ.

ಈಗ ರಕ್ಷಣೆಯ ಮಾತು. ಅಮೆರಿಕ 1990ರ ದಶಕದಲ್ಲಿ ಇಡೀ ರೋಗಾಣುವಿನ ಲಸಿಕೆ ಬಿಟ್ಟು ಪ್ರೋಟೀನಿನ ಲಸಿಕೆಗೆ ಬದಲಾಯಿತು. 2010ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಾಯಿಕೆಮ್ಮು ಹಬ್ಬಿ 9,000ಕ್ಕೂ ಹೆಚ್ಚು ಪ್ರಕರಣಗಳಾದವು, 10 ಶಿಶುಗಳು ತೀರಿಕೊಂಡವು. ಲಸಿಕೆಯನ್ನು ಸರಿಯಾಗಿ ಪೂರೈಸಿದ್ದ ಏಳರಿಂದ ಹತ್ತು ವರ್ಷದ ಮಕ್ಕಳಲ್ಲೂ ರೋಗ ಕಾಣಿಸಿತು. ಪ್ರೋಟೀನಿನ ಲಸಿಕೆಯ ಬಲ ವರ್ಷ ಕಳೆದಂತೆ ಬೇಗ ಕುಗ್ಗುತ್ತದೆ ಎಂಬುದು ಆಮೇಲಿನ ಅಧ್ಯಯನಗಳಲ್ಲಿ ಖಚಿತವಾಯಿತು. ಇಡೀ ರೋಗಾಣುವಿನ ಲಸಿಕೆ ಬಳಸುತ್ತಿರುವ ದೇಶಗಳು ಮೊದಲ ಮೂರು ಡೋಸುಗಳಿಗೆ ಅದನ್ನೇ ಮುಂದುವರಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಭಾರತೀಯ ಮಕ್ಕಳ ವೈದ್ಯರ ಸಂಘದ ಒಲವೂ ಆಗ ಅದರ ಕಡೆಗೇ ಇತ್ತು. ಅಂದರೆ ನನ್ನ ತಂಗಿಯ ಮಗಳು ಅಷ್ಟು ಖರ್ಚು ಮಾಡಿ ಕೊಂಡದ್ದು ಹೆಚ್ಚಿನ ರಕ್ಷಣೆಯನ್ನಲ್ಲ, ಕಡಿಮೆ ಜ್ವರವನ್ನು. ಪ್ರೋಟೀನಿನದೂ ಒಳ್ಳೆಯ ಲಸಿಕೆಯೇ. ಹಾಕಿಸಿದವರು ಹೆದರಬೇಕಾಗಿಲ್ಲ. ಹಿಂದಿನ ಡೋಸಿಗೆ ತೀವ್ರ ತೊಂದರೆಯಾದ ಮಗುವಿಗೆ ಯಾವುದು ಸೂಕ್ತವೆಂದು ವೈದ್ಯರೇ ತೀರ್ಮಾನಿಸಬೇಕು. ಉಳಿದವರು ಇದಕ್ಕಾಗಿ ಬಳೆ ಅಡವಿಡುವ ಅಗತ್ಯವಿಲ್ಲ.

"ಸರ್ಕಾರದ್ದು ಎಲ್ಲಿಂದ ತರ್ತಾರೋ ಏನೋ" ಎನ್ನುವವರಿದ್ದಾರೆ. ಪುಣೆಯಿಂದ, ಹೈದರಾಬಾದಿನಿಂದ ತರುತ್ತಾರೆ. ಸೀರಮ್ ಇನ್‌ಸ್ಟಿಟ್ಯೂಟ್, ಭಾರತ್ ಬಯೋಟೆಕ್, ಬಯಾಲಾಜಿಕಲ್ ಇ ಕಂಪನಿಗಳ ಲಸಿಕೆಗಳು ನಮ್ಮ ಆರೋಗ್ಯ ಕೇಂದ್ರಕ್ಕೂ ಬರುತ್ತವೆ, ಹೊರದೇಶಗಳಿಗೂ ಹೋಗುತ್ತವೆ. ಸರ್ಕಾರ ವರ್ಷಕ್ಕೆ ಸುಮಾರು 2.6 ಕೋಟಿ ಶಿಶುಗಳ ಲೆಕ್ಕ ಹಿಡಿದು ಸಗಟು ಕೊಳ್ಳುವುದರಿಂದ ಬೆಲೆ ಇಳಿಯುತ್ತದೆ. ಆ ಖರ್ಚೂ ನಮ್ಮ ತೆರಿಗೆಯದೇ. ಕರೆಂಟು ಹೋದರೆ ಔಷಧ ಕೆಡುವುದಿಲ್ಲವೇ ಎಂಬ ಅನುಮಾನಕ್ಕೆ ಉತ್ತರ ಸೀಸೆಯ ಮೇಲೆಯೇ ಇದೆ. ಅಲ್ಲಿ ವೃತ್ತದೊಳಗೆ ಒಂದು ಚಿಕ್ಕ ಚೌಕ ಇರುತ್ತದೆ. ಲಸಿಕೆಗೆ ಬಿಸಿ ತಗುಲಿದಷ್ಟೂ ಚೌಕ ಕಪ್ಪಾಗುತ್ತದೆ. ಸುತ್ತಲಿನ ವೃತ್ತದಷ್ಟೇ ಕಪ್ಪಾದರೆ ಆ ಸೀಸೆಯನ್ನು ಬಳಸುವ ಹಾಗಿಲ್ಲ. ತೋರಿಸಿ ಎಂದು ಕೇಳಿ ನೋಡಿ.

ಇಲ್ಲಿ ನಿಜವಾಗಿ ಕಳೆದುಹೋಗುತ್ತಿರುವುದು ಸಮಯ. ನಾಯಿಕೆಮ್ಮು ಜೀವ ತೆಗೆಯುವುದು ಹೆಚ್ಚಾಗಿ ಹುಟ್ಟಿದ ಮೊದಲ ಕೆಲವು ತಿಂಗಳಲ್ಲಿ. ಆರು, ಹತ್ತು, ಹದಿನಾಲ್ಕು ವಾರ ಎಂಬ ಲೆಕ್ಕ ಇರುವುದೇ ಅದಕ್ಕಾಗಿ. ದುಬಾರಿ ಲಸಿಕೆಗೆಂದು ಸಂಬಳದ ದಿನ ಕಾಯುವ ಮನೆಯಲ್ಲಿ, ಕಾದಷ್ಟು ದಿನವೂ ಮಗುವಿಗೆ ಆ ಡೋಸಿನ ರಕ್ಷಣೆ ಇರುವುದಿಲ್ಲ. ಗುರುವಾರವೇ ಬಿದ್ದ ಬಿಟ್ಟಿ ಸೂಜಿ, ಮುಂದಿನ ತಿಂಗಳು ಬೀಳಲಿರುವ ಎಂಟು ಸಾವಿರದ ಸೂಜಿಗಿಂತ ಸಾವಿರ ಪಾಲು ಮೇಲು.

ಇಂಥ ನಂಬಿಕೆಗಳು ಇನ್ನೂ ಇವೆ. ಡಬ್ಬಿಯ ಪುಡಿ ಬೆರೆಸದ ಹಾಲಿನಲ್ಲಿ ಶಕ್ತಿಯಿಲ್ಲವಂತೆ. ಇಂಥ ಪೇಯಗಳನ್ನು 'ಹೆಲ್ತ್ ಡ್ರಿಂಕ್' ಪಟ್ಟಿಯಿಂದ ತೆಗೆಯಿರಿ ಎಂದು ಕೇಂದ್ರ ಸರ್ಕಾರವೇ 2024ರಲ್ಲಿ ಆನ್‌ಲೈನ್ ಅಂಗಡಿಗಳಿಗೆ ಹೇಳಿದೆ. ಪೊಟ್ಟಣದ ಸೀರಿಯಲ್ ರಾಗಿ ಸರಿಗಿಂತ ಮೇಲಂತೆ; ರಾಗಿಯ ನೂರು ಗ್ರಾಂನಲ್ಲಿ ಮುನ್ನೂರು ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ. ವಾಕರ್ ಕೊಡಿಸಿದರೆ ಮಗು ಬೇಗ ನಡೆಯುತ್ತದಂತೆ. ಬೇಗ ನಡೆಯುವುದಿಲ್ಲ, ಉರುಳಿ ಬೀಳುವ ಅಪಾಯ ಹೆಚ್ಚುತ್ತದೆ, ಕೆನಡಾ 2004ರಲ್ಲೇ ಅದನ್ನು ನಿಷೇಧಿಸಿದೆ. ಮಗುವಿನ ಹೆಸರಲ್ಲಿ ಜೀವವಿಮೆ ಮಾಡಿಸಬೇಕಂತೆ. ವಿಮೆ ಬೇಕಾದ್ದು ದುಡಿದು ತರುವವರ ಜೀವಕ್ಕೆ.

ಇವೆಲ್ಲವೂ ಬೆಳೆದಿರುವುದು ಒಂದೇ ಪ್ರಶ್ನೆಯ ಮೇಲೆ: ಮಗುವಿನ ವಿಷಯದಲ್ಲೂ ಲೆಕ್ಕ ನೋಡುತ್ತೀರಾ? ಜಾಹೀರಾತು ಕೇಳುತ್ತದೆ, ಅಂಗಡಿಯವನು ಕೇಳುತ್ತಾನೆ, ಓರಗಿತ್ತಿ ಕೇಳುತ್ತಾಳೆ. ಕೇಳಿದೊಡನೆ ಹೊಸ ತಾಯಿ ನಾಚಿ ಪರ್ಸು ತೆರೆಯುತ್ತಾಳೆ. ಅಕ್ಕಿಗೆ, ಸೀರೆಗೆ ನಾಲ್ಕಂಗಡಿ ತಿರುಗಿ ಚೌಕಾಸಿ ಮಾಡುವ ನಾವು ಮಗುವಿನ ವಸ್ತು ಎಂದಕೂಡಲೇ ಪ್ರಶ್ನೆ ಕೇಳುವುದನ್ನೇ ನಿಲ್ಲಿಸುತ್ತೇವೆ. ಬೆಲೆಚೀಟಿಯಲ್ಲಿ ಪ್ರೀತಿಯನ್ನು ಅಳೆಯಲು ನಮಗೆ ಯಾರೋ ಕಲಿಸಿದ್ದಾರೆ, ನಾವು ಕಲಿತಿದ್ದೇವೆ. ನಮ್ಮ ಅಮ್ಮಂದಿರು ಲೆಕ್ಕ ನೋಡಿಯೇ ಮಕ್ಕಳನ್ನು ಸಾಕಿದರು. ಅವರ ಪ್ರೀತಿ ಕಡಿಮೆಯಾಗಿತ್ತೇ?

ತಂಗಿಯ ಮಗಳೊಡನೆ ಮಾತಾಡಿದ ಮರುದಿನ ಗುರುವಾರ. ತಾಯಿ ಕಾರ್ಡ್ ಹಿಡಿದು ಇಬ್ಬರೂ ಆರೋಗ್ಯ ಕೇಂದ್ರಕ್ಕೆ ಹೋದೆವು. ತಡವಾದರೂ ಮೊದಲಿಂದ ಶುರುಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರೆ ಸಾಕು ಎಂದು ಹೇಳಿ ಸಿಸ್ಟರ್ ಕಾರ್ಡಿನಲ್ಲಿ ಬರೆದುಕೊಂಡು ಲಸಿಕೆ ಹಾಕಿದರು. ರಾತ್ರಿ ಕೂಸಿಗೆ ಜ್ವರ ಬಂತು, ಬೆಳಗಾಗುವಷ್ಟರಲ್ಲಿ ಇಳಿಯಿತು. ಉಳಿದ ದುಡ್ಡಿಗೆ ಕೆಲಸವಿದೆ ಎಂದು ಅವಳಿಗೆ ಹೇಳಿದ್ದೇನೆ. ಟೈಫಾಯ್ಡ್ ಲಸಿಕೆ ಸರ್ಕಾರದ ಪಟ್ಟಿಯಲ್ಲಿಲ್ಲ, ಆರು ತಿಂಗಳಾದ ಮೇಲೆ ದುಡ್ಡು ಕೊಟ್ಟೇ ಹಾಕಿಸಬೇಕು. ಅದಕ್ಕೆಂದು ಈಗಿನಿಂದಲೇ ಎತ್ತಿಡು ಎಂದೆ. ಲೆಕ್ಕ ನೋಡುವುದು ಎಂದರೆ ಇದೇ.