ಹಳೆಯ ಪಿಕಪ್ ಗಾಡಿಯು ನಸುಕಿನಲ್ಲಿ ಚಾಲೂ ಆಗದಿದ್ದರೆ ನೋಡತಕ್ಕ ಸಂಗತಿಗಳು

ಹೆಸರಿನ ಒಕ್ಕಣೆ ಮುಗಿದ ಮೇಲಾಗಲಿ, ಉಳ್ಳಾಗಡ್ಡಿ ಕಿತ್ತ ಮೇಲಾಗಲಿ, ನವಲಗುಂದ, ಕುಂದಗೋಳ, ಕಲಘಟಗಿ ಕಡೆಯ ಹಳ್ಳಿಗಳಿಂದ ಹುಬ್ಬಳ್ಳಿಯ ಅಮರಗೋಳದ ಮಾರುಕಟ್ಟೆಗೆ ಎಷ್ಟೋ ಮಾಲು ಪಿಕಪ್ ಗಾಡಿಗಳಲ್ಲಿಯೇ ಸಾಗುವದು. ಈ ಗಾಡಿಗಳಲ್ಲಿ ಹತ್ತು ಹದಿನೈದು ವರ್ಷ ದುಡಿದವೂ ಉಂಟು. ರಾತ್ರಿಯೇ ಚೀಲ ಹೇರಿಟ್ಟು ನಸುಕಿನಲ್ಲಿ ಚಾವಿ ತಿರುವಿದಾಗ ಇಂಜಿನು ಏಳದೆ ಹೋದರೆ ಆ ದಿನದ ವ್ಯಾಪಾರವೇ ತಪ್ಪುವದು. ಗಾಡಿ ಒಬ್ಬರದಾದರೂ ಅದರ ಮೇಲೆ ನಾಲ್ಕಾರು ಮನೆಗಳ ಚೀಲಗಳಿರುವವು. ಅಪರಾತ್ರಿಯಲ್ಲಿ ಬಾಣಂತಿಯನ್ನು ಆಸ್ಪತ್ರೆಗೆ ಒಯ್ಯಬೇಕಾದರೂ ಜನರು ಬಾಗಿಲು ಬಡಿಯುವದು ಆ ಮನೆಯದನ್ನೇ. ಆದುದರಿಂದ ಗೌಡರೂ ಜಮೀನುದಾರರೂ ಈ ವಿಷಯವನ್ನು ಕೇವಲ ಡ್ರೈವರನ ಪಾಲಿಗೆ ಬಿಟ್ಟುಬಿಡುವದು ಯುಕ್ತವಲ್ಲ.

ಗಾಡಿ ಏಳದಿದ್ದರೆ ಬ್ಯಾಟರಿ ಹೋಯಿತೆಂದು ಹೇಳಿ ಹೊಸದನ್ನು ತರುವ ರೂಢಿ ನಮ್ಮಲ್ಲಿ ಬಹಳ. ತಂದ ಮೇಲೂ ಏಳದಿದ್ದಾಗ ಮಿಸ್ತ್ರಿಯನ್ನು ಕರೆಯುವರು. ಈ ಕ್ರಮವು ತಿರುವುಮುರುವಾದುದು. ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇಂಜಿನು ತಿರುಗುತ್ತಲೇ ಇಲ್ಲವೋ, ಅಥವಾ ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳುತ್ತಿಲ್ಲವೋ? ಇವೆರಡೂ ಬೇರೆ ಬೇರೆ ರೋಗಗಳು. ಒಂದರ ಮದ್ದು ಇನ್ನೊಂದಕ್ಕೆ ನಾಟದು.

ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಇಂಜಿನಿಯರನು 1897ರಲ್ಲಿ ಔಗ್ಸ್‌ಬುರ್ಗ್ ಪಟ್ಟಣದಲ್ಲಿ ನಡೆಯಿಸಿ ತೋರಿಸಿದ ಈ ಯಂತ್ರದಲ್ಲಿ ಕಿಡಿ ಹಾರಿಸುವ ಪ್ಲಗ್ಗು ಇಲ್ಲ. ಗಾಳಿಯನ್ನು ಬಿಗಿಯಾಗಿ ಒತ್ತಿದಾಗ ಅದು ಕಾಯುವದು. ಆ ಕಾವಿನಲ್ಲಿ ಸಿಂಪಡಿಸಿದ ಎಣ್ಣೆ ತಾನಾಗಿಯೇ ಹೊತ್ತುವದು. ಹಾಗಾಗಿ ಸಾಕಷ್ಟು ವೇಗದ ತಿರುಗಾಟ, ಸಾಕಷ್ಟು ಕಾವು, ಗಾಳಿ ಬೆರೆಯದ ಎಣ್ಣೆ ಇವು ಮೂರೂ ಕೂಡಿರಬೇಕು.

ತಿರುಗದ ಇಂಜಿನಿನ ಪರೀಕ್ಷೆ ಸುಲಭ. ಮುಂದಿನ ದೀಪ ಹಚ್ಚಿ ಚಾವಿ ತಿರುವಬೇಕು. ದೀಪ ಪೂರ್ತಿ ಮಂಕಾದರೆ ಬ್ಯಾಟರಿ ಇಳಿದಿದೆ, ಇಲ್ಲವೆ ಅದರ ತುದಿಗಳು ಕಿಲುಬು ಹಿಡಿದಿವೆ. ದೀಪ ಉಜ್ವಲವಾಗಿಯೇ ಇದ್ದು ಬರಿಯ ಟಿಕ್ ಎಂಬ ಸಪ್ಪಳವಾದರೆ ದೋಷವು ಬಹುಶಃ ಸ್ಟಾರ್ಟರಿನ ಕಡೆಯದು. ಬ್ಯಾಟರಿ ಕೊಳ್ಳುವ ಮೊದಲು ಮೈನಸ್ ತಂತಿಯನ್ನು ಮುಂಚೆ ಬಿಚ್ಚಿ, ಎರಡೂ ತುದಿಗಳನ್ನು ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆದು, ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಸವರಬೇಕು. ಸೋಡಾನೀರು ಬ್ಯಾಟರಿಯ ಒಳಗೆ ಇಳಿಯಬಾರದು. ಇಂಜಿನಿನಿಂದ ಚಾಸಿಗೆ ಹೋಗುವ ಅರ್ಥ್ ಪಟ್ಟಿಯನ್ನು ಯಾರೂ ನೋಡುವದಿಲ್ಲ. ತುಕ್ಕು ಹಿಡಿದ ಆ ಪಟ್ಟಿಯೊಂದರಿಂದಲೇ ಒಳ್ಳೆಯ ಬ್ಯಾಟರಿಗೆ ಕೆಟ್ಟ ಹೆಸರು ಬರುವದುಂಟು. ತುಂಬಿದ ಬ್ಯಾಟರಿಯು ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸಬೇಕು. 12ಕ್ಕೆ ಇಳಿದಿದ್ದರೆ ಬಹುಪಾಲು ಬರಿದಾಗಿದೆಯೆಂದು ತಿಳಿಯಬೇಕು.

ಇನ್ನು ತಿರುಗಿಯೂ ಏಳದ ಇಂಜಿನು. ಸೆಲ್ಫ್ ಹೊಡೆಯುವಾಗ ಇನ್ನೊಬ್ಬನು ಸೈಲೆನ್ಸರಿನ ಬಾಯಿಯನ್ನು ನೋಡುತ್ತಿರಲಿ. ಬಿಳಿಯ ಹೊಗೆ ಬಂದರೆ ಎಣ್ಣೆ ಒಳಗೆ ತಲಪುತ್ತಿದೆ, ಕಾವು ಸಾಲದೆ ಹೊತ್ತುತ್ತಿಲ್ಲ. ಹೊಗೆಯೇ ಇಲ್ಲದಿದ್ದರೆ ಎಣ್ಣೆಯೇ ಬರುತ್ತಿಲ್ಲ. ಆಗ ಇಂಜಿನು ನಿಲ್ಲಿಸುವ ಕೇಬಲು ಒಳಕ್ಕೆ ಸರಿದಿದೆಯೇ ಎಂದು ನೋಡುವದು. ಅದರ ಬದಲು ಪಂಪಿನ ಮೇಲೆ ವಿದ್ಯುತ್ತಿನ ಸೊಲೆನಾಯಿಡ್ ಇದ್ದರೆ ಚಾವಿ ತಿರುವಿದೊಡನೆ ಅದು ಟಿಕ್ ಎನ್ನಬೇಕು. ಕಾಳು ತುಂಬಿದ ಕೊಟ್ಟಿಗೆಯ ಪಕ್ಕದಲ್ಲಿ ನಿಂತ ಗಾಡಿಯ ತಂತಿಗಳನ್ನು ಇಲಿಗಳು ಕಡಿದಿರುವದೂ ಅಪರೂಪವಲ್ಲ.

ಆದರೆ ಹಳೆಯ ಗಾಡಿಗಳಲ್ಲಿ ಹೆಚ್ಚಾಗಿ ಕಾಡುವದು ಏರ್ ಹಿಡಿಯುವದು. ಇದರ ಗುರುತು ಏನೆಂದರೆ, ಸಂಜೆ ಚೆನ್ನಾಗಿ ನಡೆದ ಗಾಡಿ ಮುಂಜಾನೆ ಏಳುವದಿಲ್ಲ. ಕೈಪಂಪನ್ನು ಒತ್ತಿದ ಮೇಲೆ ಏಳುವದು. ಟಾಕಿಯಿಂದ ಫಿಲ್ಟರಿಗೆ ಬರುವ ರಬ್ಬರ್ ನಳಿಗೆಯು ಬಿಸಿಲಿಗೆ ಬಿರಿದು, ರಾತ್ರಿ ಎಣ್ಣೆ ಹಿಂದಕ್ಕೆ ಜಾರಿ ಅದರ ಸ್ಥಳದಲ್ಲಿ ಗಾಳಿ ನಿಲ್ಲುವದು. ನಡೆಯುವಾಗ ಪಂಪು ಎಣ್ಣೆಯನ್ನು ಹೀರುತ್ತಿರುವದರಿಂದ ಬಿರುಕು ಹನಿಯಿಡದೆ ಗಾಳಿಯನ್ನೇ ಒಳಗೆಳೆಯುವದು. ನೆಲದ ಮೇಲೆ ಕಲೆ ಕಾಣದೆ ಸಂಶಯವೇ ಬರುವದಿಲ್ಲ. ಫಿಲ್ಟರ್ ಮತ್ತು ಪಂಪಿನ ನಡುವೆ ತಾತ್ಪೂರ್ತಿಕವಾಗಿ ಪಾರದರ್ಶಕ ನಳಿಗೆಯ ತುಂಡೊಂದನ್ನು ಕೂಡಿಸಿದರೆ ಗುಳ್ಳೆಗಳು ಕಣ್ಣಿಗೆ ಬೀಳುವವು. ಗಾಳಿ ತೆಗೆಯಲು ಫಿಲ್ಟರಿನ ಮೇಲಿನ ತಿರುಪನ್ನು ಸಡಿಲಿಸಿ, ಗುಳ್ಳೆಯಿಲ್ಲದ ಎಣ್ಣೆ ಬರುವವರೆಗೆ ಕೈಪಂಪನ್ನು ಒತ್ತಿ, ಒತ್ತುತ್ತಿರುವಾಗಲೇ ತಿರುಪನ್ನು ಬಿಗಿಯಬೇಕು. ನಳಿಗೆಯನ್ನು ಬದಲಿಸದೆ ನಿತ್ಯವೂ ಗಾಳಿ ತೆಗೆಯುತ್ತ ಕೂಡುವದು ಸೋರುವ ಕೊಡಕ್ಕೆ ನೀರು ಹೊತ್ತಂತೆ.

ಮಳೆಗಾಲದಲ್ಲಿ ನೀರಿನದೇ ತೊಂದರೆ. ತೋಟದ ಮನೆಯ ಡ್ರಮ್ಮಿನಿಂದ ಎಣ್ಣೆ ಹಾಕುವವರು ಫಿಲ್ಟರಿನ ಕೆಳಗಿನ ತಿರುಪಿನಿಂದ ಸ್ವಲ್ಪ ಎಣ್ಣೆಯನ್ನು ಗಾಜಿನ ಬಾಟ್ಲಿಗೆ ಇಳಿಸಿ ಇಡಲಿ. ಡೀಸೆಲ್ಲು ನೀರಿಗಿಂತ ಹಗುರ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುವದು. ಡ್ರಮ್ಮಿನ ತಳದ ಎಣ್ಣೆಯನ್ನು ಟಾಕಿಗೆ ಎಂದೂ ಸುರಿಯಬಾರದು.

ಬಿಳಿ ಹೊಗೆ ಬರುವ ಗಾಡಿಗೆ ಹೀಟರ್ ಪ್ಲಗ್ಗುಗಳಿದ್ದರೆ ಅವನ್ನು ಪರೀಕ್ಷಿಸುವದು. ತಂತಿ ಬಿಚ್ಚಿ, ಬ್ಯಾಟರಿಯ ಪ್ಲಸ್ಸಿನಿಂದ ತಂದ ಚಿಕ್ಕ ಬಲ್ಬನ್ನು ಒಂದೊಂದು ಪ್ಲಗ್ಗಿನ ತುದಿಗೆ ಮುಟ್ಟಿಸಿದಾಗ ಬಲ್ಬು ಹತ್ತದಿದ್ದರೆ ಆ ಪ್ಲಗ್ಗು ಸುಟ್ಟಿದೆ. ಪ್ಲಗ್ಗುಗಳು ನೆಟ್ಟಗಿದ್ದೂ ಹೊಗೆ ನಿಲ್ಲದಿದ್ದರೆ ಒತ್ತಡ ಕುಗ್ಗಿದೆ, ನಾಜಲ್ ಕೆಟ್ಟಿದೆ, ಇಲ್ಲವೆ ಪಂಪಿನ ಟೈಮಿಂಗ್ ತಪ್ಪಿದೆ. ಅಲ್ಲಿಗೆ ನಮ್ಮ ಕೈಯ ಕೆಲಸ ಮುಗಿದು ಮಿಸ್ತ್ರಿಯದು ಮೊದಲಾಗುವದು.

ಕೆಲವರು ಗಾಳಿಯ ಫಿಲ್ಟರಿನ ಬಾಯಿಗೆ ಉರಿಯುವ ಅರಿವೆ ಹಿಡಿಯುವರು, ಪೆಟ್ರೋಲು ಚಿಮುಕಿಸುವರು, ಈಥರ್ ಹೊಡೆಯುವರು. ಕಾದ ಹೀಟರ್ ಪ್ಲಗ್ಗಿರುವ ಇಂಜಿನಿನಲ್ಲಿ ಈಥರ್ ಅಕಾಲದಲ್ಲಿ ಸಿಡಿದು ಪಿಸ್ಟನ್ನು ಒಡೆಯಬಹುದು. ಹತ್ತಿಯ ಚೀಲ ಹೇರಿದ ಗಾಡಿಯ ಹತ್ತಿರ ಬೆಂಕಿ ಹಿಡಿಯುವ ಮಾತನ್ನಂತೂ ಹೇಳಬೇಕಾಗಿಯೇ ಇಲ್ಲ. ಸೆಲ್ಫನ್ನು ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಒತ್ತದೆ, ನಡುವೆ ಒಂದು ನಿಮಿಷ ಬಿಡಬೇಕು. ಕಾಮನ್ ರೈಲ್ ಪದ್ಧತಿಯ ಗಾಡಿಗಳಲ್ಲಿ ನಾಜಲಿನ ನಳಿಗೆಗಳನ್ನು ಸಡಿಲಿಸಿ ನೋಡುವ ಹಳೆಯ ಚಟವನ್ನು ಪೂರ್ತಿ ಬಿಡತಕ್ಕದ್ದು. ಅಲ್ಲಿಯ ಒತ್ತಡಕ್ಕೆ ಚಿಮ್ಮಿದ ಎಣ್ಣೆಯು ಚರ್ಮವನ್ನು ಭೇದಿಸಿ ಒಳಹೋಗುವದು, ಆ ಗಾಯವು ಹೊರಗೆ ಸಣ್ಣದಾಗಿ ಕಂಡರೂ ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಬೇಕು.

ಮಿಸ್ತ್ರಿಯನ್ನು ಕರೆಸಿದಾಗ ಗಾಡಿ ಏಳುತ್ತಿಲ್ಲವೆಂದಷ್ಟೇ ಹೇಳದೆ, ಇಂಜಿನು ತಿರುಗಿತೇ, ಹೊಗೆ ಬಂತೇ, ಯಾವ ಬಣ್ಣದ್ದು, ಕೈಪಂಪು ಒತ್ತಿದ ಮೇಲೆ ಎದ್ದಿತೇ ಎಂಬುದನ್ನು ತಿಳಿಸಿರಿ. ತೆಗೆದ ಹಳೆಯ ಭಾಗಗಳನ್ನು ಕೇಳಿ ತೆಗೆದುಕೊಂಡು, ಫಿಲ್ಟರ್ ಬದಲಿಸಿದ ತಾರೀಖನ್ನು ಬಾಗಿಲಿನ ಒಳಮೈಯಲ್ಲಿ ಬರೆದಿಡಿರಿ.