ಅದಲ್ಲಪ್ಪಾ, ನಿಮ್ಮೂರು ಯಾವುದು?

ಲಾಂಗ್ ವೀಕೆಂಡ್ ಬಂತು ಅಂದ್ರೆ ನಮ್ಮ ಆಫೀಸಿನಲ್ಲಿ ಬುಧವಾರದಿಂದಲೇ ಕೆಲಸ ನಿಧಾನವಾಗುತ್ತೆ. ಒಬ್ಬರು ಶಿರಸಿಗೆ ಸ್ಲೀಪರ್ ಬಸ್ಸು ಹುಡುಕುತ್ತಿರುತ್ತಾರೆ. ಇನ್ನೊಬ್ಬರು ಹುಬ್ಬಳ್ಳಿ ರೈಲಿನ ತತ್ಕಾಲ್ ಟಿಕೆಟ್‌ಗಾಗಿ ಮೀಟಿಂಗನ್ನು ಮ್ಯೂಟ್ ಮಾಡಿ, ಉಸಿರು ಬಿಗಿಹಿಡಿದು ಕೂತಿರುತ್ತಾರೆ. ಗುರುವಾರ ಸಂಜೆ ನೋಡಿದರೆ ಎಲ್ಲರ ಬೆನ್ನಲ್ಲೂ ಬ್ಯಾಗು. ಹೊರಡುವಾಗ ಒಂದು ಮಾತು ಕೇಳದೆ ಹೋಗುವುದಿಲ್ಲ: "ನೀನು ಊರಿಗೆ ಹೋಗಲ್ವಾ?"

"ನಂದು ಇದೇ ಊರು" ಅಂದರೆ ಅವರ ಮುಖದಲ್ಲಿ ಒಂಥರಾ ಅನುಕಂಪ. ಬೆಂಗಳೂರಲ್ಲೇ ಹುಟ್ಟಿದವರ ಕಷ್ಟ ಇದು. ನಮಗೆ ಟ್ರಾಫಿಕ್ ಇದೆ, ನೀರಿನ ಟ್ಯಾಂಕರ್ ಇದೆ, ಊರು ಮಾತ್ರ ಇಲ್ಲ. ಹಬ್ಬಕ್ಕೆ ಎಲ್ಲರೂ ಹೊರಟ ಮೇಲೆ ಖಾಲಿ ರಸ್ತೆಯಲ್ಲಿ ಸ್ಕೂಟರ್ ಓಡಿಸುವ ಸುಖ ಒಂದಿದೆ ನೋಡಿ, ಅದೇ ನಮ್ಮ ಹಬ್ಬ.

ತಿಪಟೂರಿನ ಪ್ರಶ್ನೆ

ನನ್ನ ಸಹೋದ್ಯೋಗಿಯೊಬ್ಬ ತಿಪಟೂರಿನವನು. ಕಳೆದ ವರ್ಷ ನನ್ನ ಸ್ಥಿತಿ ನೋಡಲಾರದೆ "ಬಾರೋ, ನಮ್ಮೂರಿಗೆ ಹೋಗಿಬರೋಣ" ಅಂದ. ಯಶವಂತಪುರದಲ್ಲಿ ರೈಲು ಹತ್ತಿದೆವು. ತುಮಕೂರು ದಾಟಿ, ಗುಬ್ಬಿ ದಾಟಿದ ಮೇಲೆ ಕಿಟಕಿಯಾಚೆ ತೆಂಗು ಬಿಟ್ಟರೆ ಬೇರೇನೂ ಇಲ್ಲ. ತಿಪಟೂರು ಅಂದರೆ ಕೊಬ್ಬರಿ ತಾನೆ. ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಹಾಗೇ ಬಿಟ್ಟು, ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಗಡಗಡ ಅನ್ನುವ ತನಕ ಕಾಯುತ್ತಾರೆ. ಹತ್ತು ನಿಮಿಷದ ಡೆಲಿವರಿ ಹನ್ನೊಂದಾದರೆ ಸಿಟ್ಟಾಗುವ ನನಗೆ ಆ ಅಟ್ಟ ನೋಡಿಯೇ ಗಾಬರಿಯಾಯಿತು.

ಸ್ಟೇಷನ್ನಿಂದ ಮನೆಗೆ ಹದಿನೈದು ನಿಮಿಷದ ದಾರಿ. ನಮಗೆ ಹಿಡಿದದ್ದು ಒಂದು ಗಂಟೆ. ಸೈಕಲ್ ಅಂಗಡಿಯವರು ನಿಲ್ಲಿಸಿ "ಯಾವಾಗ ಬಂದೆ?" ಅಂದರು. ಕಟಿಂಗ್ ಶಾಪಿನವರು ಕತ್ತರಿ ಕೈಯಲ್ಲೇ ಹಿಡಿದು ಹೊರಗೆ ಬಂದು "ಯಾವಾಗ ಹೊರಡ್ತೀಯ?" ಅಂದರು. ಬಂದವನು ಇನ್ನೂ ಮನೆ ಸೇರಿಲ್ಲ, ಆಗಲೇ ಹೊರಡುವ ಲೆಕ್ಕ! ಒಬ್ಬರು ಅವನನ್ನು ಬಿಟ್ಟು ನನ್ನನ್ನೇ ಮೇಲಿಂದ ಕೆಳಗೆ ನೋಡಿ, "ಇವರು ಯಾರ ಪೈಕಿ?" ಅಂತ ಕೇಳಿದರು.

ಊಟಕ್ಕೆ ಕೂತಾಗ ಅವನ ಅಮ್ಮ ಶುರು ಮಾಡಿದರು.

"ನಿಮ್ಮೂರು ಯಾವುದಪ್ಪಾ?"

"ಬೆಂಗಳೂರು, ಅಮ್ಮ."

"ಅದಲ್ಲಪ್ಪಾ, ಊರು ಯಾವುದು?"

"ಬೆಂಗಳೂರೇ. ಚಾಮರಾಜಪೇಟೆ."

"ಅದು ಇರೋ ಜಾಗ. ಊರು?"

"ನಮ್ಮ ತಾತ ಇದ್ದದ್ದೂ ಅಲ್ಲೇ, ಅಮ್ಮ."

ಅವರು ಒಂದು ನಿಮಿಷ ಸುಮ್ಮನಿದ್ದು, "ಅಯ್ಯೋ ಪಾಪ" ಅಂದು ಎಲೆಗೆ ಇನ್ನೊಂದು ಹೋಳಿಗೆ ಹಾಕಿದರು. ಊರಿಲ್ಲದವನಿಗೆ ತುಪ್ಪವೂ ಸ್ವಲ್ಪ ಜಾಸ್ತಿಯೇ ಬಿತ್ತು.

ಊರಾಚೆಯ ಊರುಗಳು

ವಾಪಸ್ ಬರುವಾಗ ರೈಲಿನಲ್ಲಿ ಕೂತು ಯೋಚನೆ ಮಾಡಿದೆ. ನಾನು ಹುಟ್ಟಿ ಬೆಳೆದ ಜಾಗವೂ ಒಂದು ಕಾಲಕ್ಕೆ ಊರಾಚೆಯೇ ಇತ್ತಲ್ಲ?

1537ರಲ್ಲಿ ಕೆಂಪೇಗೌಡರು ಕಟ್ಟಿದ ಬೆಂಗಳೂರು ಅಂದರೆ ಚಿಕ್ಕಪೇಟೆ, ಬಳೆಪೇಟೆ, ಅಕ್ಕಿಪೇಟೆಗಳ ಇಕ್ಕಟ್ಟಾದ ಬೀದಿಗಳು. ಪೇಟೆಯ ಹೊರಗೆ ಅಳತೆ ಹಾಕಿ ಬಡಾವಣೆ ಅಂತ ಮಾಡಿದ್ದು 1892ರಲ್ಲಿ, ಚಾಮರಾಜಪೇಟೆ. ಆರು ವರ್ಷ ಕಳೆದು 1898ರಲ್ಲಿ ಪ್ಲೇಗ್ ಬಂತು. ಇಕ್ಕಟ್ಟಾದ ಓಣಿಗಳಲ್ಲಿ ರೋಗ ಹಬ್ಬಿದ್ದು ನೋಡಿದ ಮೇಲೆ, ಗಾಳಿ ಬೆಳಕು ಇರುವ ಮನೆ, ಅಗಲ ರಸ್ತೆ, ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ ಎಲ್ಲ ಇಟ್ಟು ಬಸವನಗುಡಿ ಮತ್ತು ಮಲ್ಲೇಶ್ವರ ಮಾಡಿದರು. ಹೆಸರಲ್ಲೇ ಗೊತ್ತಾಗುತ್ತೆ ನೋಡಿ. ಒಂದು ಸುಂಕೇನಹಳ್ಳಿಯ ಗುಡ್ಡದ ಮೇಲಿದ್ದ ದೊಡ್ಡ ಬಸವಣ್ಣನ ಗುಡಿ. ಇನ್ನೊಂದು ಕಾಡು ಮಲ್ಲೇಶ್ವರ. ಕಾಡಿನಲ್ಲಿದ್ದ ದೇವರು ಈಗ ಪಾರ್ಕಿಂಗ್ ಸಿಗದ ಏರಿಯಾದಲ್ಲಿದ್ದಾನೆ.

ಅಂದರೆ ಪೇಟೆ ಬಿಟ್ಟು ಹೊರಟವರು ಕಟ್ಟಿಕೊಂಡ ಸಣ್ಣ ಊರುಗಳಿವು. ಒಂದೊಂದಕ್ಕೂ ಅದರದೇ ದೇವಸ್ಥಾನ, ಅದರದೇ ಸಂತೆ, ಅದರದೇ ಜಂಬ. ಈಗ ಮೂರನ್ನೂ ಒಂದೇ ಬೆಂಗಳೂರು ಅಂತ ಕರೆದರೂ, ಒಳಗೆ ಹೋಗಿ ನೋಡಿದರೆ ಮೂರು ತಾಲ್ಲೂಕು ಇದ್ದ ಹಾಗಿದೆ.

ಮಲ್ಲೇಶ್ವರದಲ್ಲಿ ದಾರಿ ಕೇಳಿದರೆ ಲೆಕ್ಕದ ಕ್ಲಾಸು. ಎಂಟನೇ ಕ್ರಾಸಲ್ಲಿ ಹೂವು, ಹದಿನೈದನೇ ಕ್ರಾಸಲ್ಲಿ ಇಡ್ಲಿ. ಬೇವಿನ ಮರದ ರಸ್ತೆಗೆ ಮಾರ್ಗೋಸಾ ಅಂತ ಇಂಗ್ಲಿಷ್ ಹೆಸರು, ಪಕ್ಕದ ಸಂಪಿಗೆಗೆ ಮಾತ್ರ ಕನ್ನಡದ್ದೇ. ಬಸವನಗುಡಿಯಲ್ಲಿ ದಾರಿ ಕೇಳಿದರೆ ಇತಿಹಾಸದ ಕ್ಲಾಸು: "ಮೊದ್ಲು ಅಲ್ಲೊಂದು ಹೆಂಚಿನ ಮನೆ ಇತ್ತಲ್ಲ, ಅದರ ಎದುರು." ಆ ಮನೆ ಬಿದ್ದು ಇಪ್ಪತ್ತು ವರ್ಷವಾಗಿರುತ್ತೆ. ಚಾಮರಾಜಪೇಟೆಯಲ್ಲಿ ಎಲ್ಲ ದಾರಿಯೂ "ಸಾಹಿತ್ಯ ಪರಿಷತ್ತು ಗೊತ್ತಲ್ಲ?" ಅಂತಲೇ ಶುರುವಾಗುತ್ತೆ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಕನ್ನಡಕ್ಕೆ ಮಾಡಿದ ಸೇವೆ ಒಂದು ಕಡೆ ಇರಲಿ, ನಮ್ಮ ಏರಿಯಾದ ಆಟೋದವರಿಗೆ ಮಾಡಿದ ಸೇವೆ ಕಮ್ಮಿಯೇನಲ್ಲ.

ಒಂಬತ್ತನೇ ಮಹಡಿಯ ಅಮ್ಮ

ನಮ್ಮ ಮನೆ ಇದ್ದದ್ದು ಚಾಮರಾಜಪೇಟೆಯ ಒಂದು ವಠಾರದಲ್ಲಿ. ಆರು ಸಂಸಾರ, ಒಂದು ಸಂಪು, ಸಾವಿರ ಜಗಳ. ಏಪ್ರಿಲ್ ಬಂದರೆ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಸಂಗೀತ. ರಾಮಸೇವಾ ಮಂಡಳಿ 1939ರಿಂದ ನಡೆಸುತ್ತಿರುವ ಉತ್ಸವ ಅದು. ಒಳಗೆ ದೊಡ್ಡ ದೊಡ್ಡ ವಿದ್ವಾಂಸರು ಹಾಡುತ್ತಿದ್ದರೆ, ಹೊರಗೆ ರಸ್ತೆಯಲ್ಲಿ ನಾವು ಪಾನಕ ಕುಡಿಯುತ್ತಾ ಪುಕ್ಕಟೆ ಕೇಳುತ್ತಿದ್ದೆವು. ತಾಳ ಹಾಕುವ ಹಕ್ಕಿಗೆ ಟಿಕೆಟ್ ಬೇಕಾಗಿರಲಿಲ್ಲ.

ವಠಾರ ಮಾರಾಟವಾಯಿತು. ಅಷ್ಟರಲ್ಲಿ ಅಪ್ಪ ಇರಲಿಲ್ಲ. ನಾನೂ ಅಮ್ಮನೂ ಕನಕಪುರ ರಸ್ತೆಯಲ್ಲಿ, ವಾಜರಹಳ್ಳಿ ಮೆಟ್ರೋ ಹತ್ತಿರದ ಫ್ಲ್ಯಾಟಿಗೆ ಬಂದೆವು. ಒಂಬತ್ತನೇ ಮಹಡಿ. ಗಾಳಿ ಬೆಳಕು ಬೇಕಾದಷ್ಟು, ಪ್ಲೇಗ್ ಕಮಿಷನರ್ ಬಂದರೂ ಫುಲ್ ಮಾರ್ಕ್ಸ್ ಕೊಡಬೇಕು.

ಮೊದಲ ತಿಂಗಳು ಅಮ್ಮ ಬಾಲ್ಕನಿಯಲ್ಲಿ ನಿಂತು ಕೆಳಗೆ ನೋಡುತ್ತಿದ್ದಳು. ಎರಡನೇ ತಿಂಗಳು ನೋಡುವುದನ್ನೂ ಬಿಟ್ಟಳು. ಒಂದು ರಾತ್ರಿ ಚಪಾತಿ ಲಟ್ಟಿಸುತ್ತಾ ತಣ್ಣಗೆ ಹೇಳಿದಳು: "ನೀನು ಟೂರಿಗೆ ಹೋದಾಗ ನಾನು ನಾಲ್ಕು ದಿನ ಬಾಗಿಲು ತೆಗೀಲಿಲ್ಲ ಅಂದ್ರೂ ಇಲ್ಲಿ ಯಾರಿಗೂ ಗೊತ್ತಾಗಲ್ಲ ಕಣೋ." ದೂರಲ್ಲ, ಹವಾಮಾನ ವರದಿ ಓದಿದ ಹಾಗೆ ಹೇಳಿದಳು. ನನಗೆ ಚಪಾತಿ ಇಳಿಯಲಿಲ್ಲ.

ಪರಿಹಾರವನ್ನು ಅವಳೇ ಕಂಡುಕೊಂಡಳು. ಶನಿವಾರ ಬೆಳಿಗ್ಗೆ ಎರಡು ಚೀಲ ಹಿಡಿದು ಮೆಟ್ರೋ ಹತ್ತುವುದು, ಹತ್ತನೇ ನಿಲ್ದಾಣ ನ್ಯಾಷನಲ್ ಕಾಲೇಜಿನಲ್ಲಿ ಇಳಿಯುವುದು, ಅಲ್ಲಿಂದ ಗಾಂಧಿ ಬಜಾರ್. ಕೆಳಗಡೆಯೇ ತರಕಾರಿ ಅಂಗಡಿ ಇರುವಾಗ ಅಷ್ಟು ದೂರ ಯಾಕೆ? "ಇಲ್ಲಿನ ಸೊಪ್ಪಲ್ಲಿ ಸತ್ವ ಇಲ್ಲ" ಅಂತ ತೀರ್ಪು.

ನಾನು ಚೀಲ ಹೊರುವ ಹುದ್ದೆಗೆ ನೇಮಕವಾದೆ. ಎರಡು ಶನಿವಾರದಲ್ಲೇ ಗೊತ್ತಾಯಿತು, ಸತ್ವ ಇದ್ದದ್ದು ಸೊಪ್ಪಿನಲ್ಲಲ್ಲ. ಹಾಗಲಕಾಯಿ ಆರಿಸಲು ಐದು ನಿಮಿಷ, ಹಾಗಲಕಾಯಿಯವರ ಮಗಳ ಪಿಯುಸಿ ರಿಸಲ್ಟ್ ಕೇಳಲು ಹದಿನೈದು ನಿಮಿಷ. ಎರಡು ಮೊಳ ಮಲ್ಲಿಗೆ ಅಂದರೆ ಹೂವಿನವರ ಮೊಳವೋ ಅಮ್ಮನ ಮೊಳವೋ ಅನ್ನುವ ಚರ್ಚೆ, ಇದು ನಾನು ಹುಟ್ಟುವ ಮುಂಚಿನಿಂದ ಇತ್ಯರ್ಥವಾಗಿಲ್ಲ. ಕೊನೆಗೆ ಕೊಸರಿಗೆ ಕರಿಬೇವು. ಅವರು ಕೊಡದಿದ್ದರೆ ಅಮ್ಮನಿಗೆ ಬೇಜಾರು, ಕೇಳದೆ ಕೊಟ್ಟರೆ ಇನ್ನೂ ಬೇಜಾರು.

ವಿದೇಶ ಪ್ರವಾಸ

ಒಂದು ಭಾನುವಾರ ಅಮ್ಮನನ್ನು ಮಲ್ಲೇಶ್ವರಕ್ಕೆ ಕರೆದುಕೊಂಡು ಹೋದೆ. ನ್ಯಾಷನಲ್ ಕಾಲೇಜಿನಿಂದ ಸಂಪಿಗೆ ರಸ್ತೆಗೆ ನಡುವೆ ಇರುವುದು ಮೂರೇ ನಿಲ್ದಾಣ: ಮಾರ್ಕೆಟ್, ಚಿಕ್ಕಪೇಟೆ, ಮೆಜೆಸ್ಟಿಕ್. 2017ರಲ್ಲಿ ಆ ಸುರಂಗ ತೆರೆದ ಮೇಲೆ ಬಸವನಗುಡಿಗೂ ಮಲ್ಲೇಶ್ವರಕ್ಕೂ ಕಾಲು ಗಂಟೆಯ ದೂರ. ಆದರೂ ಅಮ್ಮ ನೀರಿನ ಬಾಟಲಿ, ಸ್ವೆಟರು, ಒಂದು ಡಬ್ಬಿ ಚಕ್ಕುಲಿ ಕಟ್ಟಿಕೊಂಡಳು.

ಸಿಟಿಆರ್‌ನಲ್ಲಿ ಬೆಣ್ಣೆ ಮಸಾಲೆ ಬಂತು. ಬೋರ್ಡಿನಲ್ಲಿ ಶ್ರೀ ಸಾಗರ್ ಅಂತಿದ್ದರೂ ಮಲ್ಲೇಶ್ವರದವರ ಬಾಯಲ್ಲಿ ಅದು ಇವತ್ತಿಗೂ ಸಿಟಿಆರೇ. ಅಮ್ಮ ಮೊದಲ ತುತ್ತು ತಿಂದಳು, ಕಣ್ಣು ಮುಚ್ಚಿದಳು, ಎರಡನೇ ತುತ್ತು ತಿಂದಳು. ನಾನು ತೀರ್ಪಿಗೆ ಕಾದೆ.

"ಚೆನ್ನಾಗಿದೆ."

ಇದು ಐತಿಹಾಸಿಕ ಕ್ಷಣ. 1943ರ ವಿದ್ಯಾರ್ಥಿ ಭವನ ಬಿಟ್ಟು ಬೇರೆ ದೋಸೆಯನ್ನು ಅಮ್ಮ ದೋಸೆ ಅಂತ ಒಪ್ಪಿಕೊಂಡದ್ದೇ ಇಲ್ಲ. ಆದರೆ ಮಾತು ಮುಗಿದಿರಲಿಲ್ಲ.

"ಚೆನ್ನಾಗಿದೆ. ಆದ್ರೆ ಇಲ್ಲಿ ನಾನು ಯಾರಂತ ಯಾರಿಗೂ ಗೊತ್ತಿಲ್ಲ."

ಪಾಪ, ವಿದ್ಯಾರ್ಥಿ ಭವನದಲ್ಲೂ ಹೆಸರು ಬರೆಸಿ ಸರದಿ ಕಾಯಲೇಬೇಕು, ಕೈ ತುಂಬ ತಟ್ಟೆ ಪೇರಿಸಿಕೊಂಡು ಬರುವವರಿಗೆ ಮಾತಾಡಲು ಪುರುಸೊತ್ತೂ ಇರಲ್ಲ. ಆದರೂ ಶುಕ್ರವಾರ ರಜ ಅಂತ ಗೊತ್ತಿಲ್ಲದೆ ಬಂದು ಬಾಗಿಲ ಮುಂದೆ ನಿಂತವರನ್ನು ನೋಡಿ ನಗುವ ಹಕ್ಕು ಊರಿನವರಿಗಷ್ಟೇ ಇರುತ್ತೆ, ಅದೇ ಅಮ್ಮನ ಸಂತೋಷ.

ಮಗು ಗೈರುಹಾಜರಿ

ಮಳೆಗಾಲದಲ್ಲಿ ಅಮ್ಮನಿಗೆ ಜ್ವರ ಬಂತು. ಎರಡು ಶನಿವಾರ ತಪ್ಪಿತು. ಆ ಎರಡು ವಾರದಲ್ಲಿ ನಮ್ಮ ಬಾಗಿಲಿಗೆ ಬಂದವರ ಲೆಕ್ಕ ನನ್ನ ಫೋನಿನಲ್ಲೇ ಇದೆ: ಔಷಧಿ ಡೆಲಿವರಿ ಮೂರು ಸಲ, ಹಾಲು ದಿನಾ, ಮೇಂಟೆನೆನ್ಸ್ ನೋಟಿಸು ಒಂದು.

ಮೂರನೇ ಶನಿವಾರ ಒಬ್ಬನೇ ಗಾಂಧಿ ಬಜಾರಿಗೆ ಹೋದೆ. ಸೊಪ್ಪಿನಮ್ಮ ದೂರದಿಂದಲೇ ನೋಡಿ ಕೂಗಿದರು.

"ಏನಪ್ಪಾ, ಅಮ್ಮ ಎಲ್ಲಿ? ಎರಡು ವಾರದಿಂದ ಇಲ್ಲ. ನಾನು ಹೂವಿನವಳನ್ನೂ ಕೇಳ್ದೆ, ಅವಳಿಗೂ ಗೊತ್ತಿಲ್ಲ ಅಂದ್ಲು. ಮನೆ ಎಲ್ಲಿ ಅಂತ ಗೊತ್ತಿದ್ರೆ ಬಂದೇ ಬಿಡ್ತಿದ್ದೆ."

ಜ್ವರ ಅಂದೆ. ಅವರು ಚೀಲಕ್ಕೆ ಒಂದು ಹಿಡಿ ದೊಡ್ಡಪತ್ರೆ ತುರುಕಿ, "ಕಷಾಯ ಮಾಡ್ಕೊಡು. ದುಡ್ಡು ಬೇಡ ಹೋಗು" ಅಂದರು. ಹೂವಿನವರು ಕೂತಲ್ಲಿಂದಲೇ "ಹುಷಾರಾದ ಮೇಲೆ ಬರೋಕೆ ಹೇಳು, ಮೊಳದ ಲೆಕ್ಕ ಬಾಕಿ ಇದೆ" ಅಂದರು.

ಮನೆಗೆ ಬಂದು ಹೇಳಿದೆ. ಅಮ್ಮ ದಿಂಬಿಗೆ ಒರಗಿ ಕೂತು, "ಇನ್ನೇನಂದ್ಲು?" ಅಂತ ಮೂರು ಸಲ ಕೇಳಿದಳು. ಮೂರು ಸಲವೂ ಪೂರ್ತಿ ಹೇಳಿದೆ. ಮುಂದಿನ ಶನಿವಾರ ಬೆಳಿಗ್ಗೆ ಆರಕ್ಕೇ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಈಗ ನನ್ನನ್ನು ಯಾರಾದರೂ ಊರು ಯಾವುದು ಅಂತ ಕೇಳಿದರೆ ಉತ್ತರ ಸಿದ್ಧವಾಗಿದೆ. ನಾವು ಎರಡು ವಾರ ಕಾಣದಿದ್ದರೆ ಯಾರು ಕೇಳುತ್ತಾರೋ ಅವರಿರುವ ಜಾಗ. ತಿಪಟೂರಿನ ಕಟಿಂಗ್ ಶಾಪಿನವರು ಕತ್ತರಿ ಹಿಡಿದು ಹೊರಗೆ ಬಂದದ್ದೂ ಅದಕ್ಕೇ ತಾನೆ.

ಎದುರು ಫ್ಲ್ಯಾಟಿನಲ್ಲಿ ಪಟ್ನಾದ ಹುಡುಗಿಯೊಬ್ಬಳಿದ್ದಾಳೆ, ಐಟಿ ಕೆಲಸ. ಕಾರ್ತಿಕ ಮಾಸದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಅಮ್ಮ ಅವಳನ್ನೂ ಎಳೆದುಕೊಂಡು ಹೊರಟಳು. ದೊಡ್ಡ ಬಸವಣ್ಣನ ಮುಂದೆ ನಿಂತು ಸ್ಥಳಪುರಾಣವನ್ನು ತನ್ನದೇ ಹಿಂದಿಯಲ್ಲಿ ಹೇಳಿದಳು: "ಬೈಲ್ ಆಯಾ, ಪೂರಾ ಮೂಂಗ್‌ಫಲಿ ಖಾಯಾ, ಫಿರ್ ಮಂದಿರ್ ಬನಾಯಾ." ಮಂದಿರ ಕಟ್ಟಿದ್ದೂ ಬಸವನೇ ಇರಬೇಕು ಅಂತ ಆ ಹುಡುಗಿ ಭಕ್ತಿಯಿಂದ ಕೈಮುಗಿದಳು. ಮಲ್ಲೇಶ್ವರದವರೂ ಈಗ ಕಾಡು ಮಲ್ಲೇಶ್ವರನ ಮುಂದೆ ಕಡಲೆಕಾಯಿ ಪರಿಷೆ ಮಾಡುತ್ತಾರೆ ಅಂತ ನಾನು ಹೇಳಹೋದೆ. ಅಮ್ಮ ಕಣ್ಣಲ್ಲೇ ಸುಮ್ಮನಿರಿಸಿದಳು. ಎರಡು ಸೇರು ಹುರಿದ ಕಡಲೆಕಾಯಿ ತೆಗೆದುಕೊಂಡು, ಗಾಂಧಿ ಬಜಾರಿನಲ್ಲಿ ಸೊಪ್ಪಿನಮ್ಮನಿಗೂ ಹೂವಿನವರಿಗೂ ಅವಳ ಪರಿಚಯ ಮಾಡಿಸಿದ ಮೇಲೇ ನಾವು ಮೆಟ್ರೋ ಹತ್ತಿದ್ದು.

ಮೊನ್ನೆ ಶನಿವಾರ ಸೊಪ್ಪಿನಮ್ಮ ಕೇಳಿದರು: "ಆ ಹಿಂದಿ ಹುಡುಗಿ ಬರ್ಲಿಲ್ವಾ?"

"ಊರಿಗೆ ಹೋಗಿದಾಳೆ. ಮುಂದಿನ ವಾರ ಬರ್ತಾಳೆ" ಅಂದಳು ಅಮ್ಮ.

"ಹೌದಾ? ಹಂಗಾದ್ರೆ ಅವಳಿಗೊಂದು ಕಟ್ಟು ಮೆಂತ್ಯ ಮುಂದಿನ ವಾರ ಎತ್ತಿಟ್ಟಿರ್ತೀನಿ."